ಕುದುರೆ ಎಳೆದದ್ದು ಎಷ್ಟು ಸಲ?

(ನಮ್ಮೂರಿನ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತು. ಎದುರಿಗಿದ್ದವರಲ್ಲಿ ಅರ್ಧ ಕಾನೂನು ವಿದ್ಯಾರ್ಥಿಗಳು, ಇನ್ನರ್ಧ ಊರಿನವರು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇತ್ತು. ಅಡಿಕೆ ತೋಟಕ್ಕೆ ನುಗ್ಗುವ ಮಂಗ, ಹಂದಿಗಳನ್ನು ಬೆದರಿಸಲು ಅಪ್ಪ ಇಟ್ಟುಕೊಂಡದ್ದು. ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು, ಎಲ್ಲ ಮುಗಿದ ಮೇಲೆ ರಸೀದಿ ತೋರಿಸಿ ತರಬೇಕು. ಇಲ್ಲಿ ಕೂತವರಲ್ಲಿ ಕೆಲವರಿಗೆ ಆ ಕ್ಯೂ ಗೊತ್ತಿದೆ, ನಗುತ್ತಿದ್ದಾರೆ.

ಕೋವಿಯ ಭಾಗಗಳ ಹೆಸರನ್ನು ನಾನು ಅಪ್ಪನ ಬಾಯಲ್ಲಿ ಕೇಳಿ ಕಲಿತೆ. ನಳಿಗೆ, ತೋಟಾ, ಕುದುರೆ. ಕುದುರೆ ಎಂದರೆ ಯಾವುದು? ಹೆಬ್ಬೆರಳಿನಿಂದ ಹಿಂದಕ್ಕೆ ಎತ್ತಿ ನಿಲ್ಲಿಸುತ್ತೇವಲ್ಲ, ಅದೂ ಕುದುರೆ. ತೋರುಬೆರಳಿಟ್ಟು ಎಳೆಯುವುದೂ ಕುದುರೆ. ಇಂಗ್ಲಿಷಿನವರು ಎರಡಕ್ಕೆ ಎರಡು ಹೆಸರಿಟ್ಟಿದ್ದಾರೆ, ಎತ್ತುವುದು ಹ್ಯಾಮರ್, ಎಳೆಯುವುದು ಟ್ರಿಗರ್; ನಾವು ಒಂದರಲ್ಲೇ ಮುಗಿಸಿದ್ದೇವೆ. ಆದರೂ ಮನೆಯಲ್ಲಿ ಯಾರಿಗೂ ಗೊಂದಲವಾದದ್ದಿಲ್ಲ. "ಕುದುರೆ ಎತ್ತಬೇಡ" ಎಂದರೆ ಒಂದು, "ಕುದುರೆ ಎಳೀಬೇಡ" ಎಂದರೆ ಇನ್ನೊಂದು. ಅರ್ಥವೆಲ್ಲ ಕ್ರಿಯಾಪದದಲ್ಲಿತ್ತು.

ಇವತ್ತಿನ ವಿಷಯವೂ ಒಂದು ಕ್ರಿಯಾಪದದ್ದೇ: ಬಂದೂಕಿನ ವೇಗ ಹೆಚ್ಚಿಸುವ ಬಂಪ್ ಸ್ಟಾಕ್‌ನಂಥ ಸಾಧನಗಳನ್ನು ಅಮೆರಿಕದ ಕಾಯ್ದೆಗಳು ಯಾವ ಮಾತಿನಲ್ಲಿ ಹಿಡಿಯುತ್ತವೆ ಎಂಬುದು. ಅಮೆರಿಕದಲ್ಲಿ 1934ರಿಂದ ಒಂದು ಕಾಯ್ದೆ ಇದೆ, ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್. ಪಾನನಿಷೇಧದ ಕಾಲದ ಗೂಂಡಾ ಗುಂಪುಗಳು ಥಾಂಪ್ಸನ್ ಬಂದೂಕು ಹಿಡಿದು ಬೀದಿಗಿಳಿದದ್ದನ್ನು ಕಂಡು ಮಾಡಿದ ಕಾಯ್ದೆ. ಅದರಲ್ಲಿ ಮಷೀನ್‌ಗನ್ ಎಂದರೇನು ಎಂದು ಹೇಳಿದ್ದಾರೆ: ಕೈಯಿಂದ ಮತ್ತೆ ತುಂಬದೆ, ಕುದುರೆಯ ಒಂದೇ ಕ್ರಿಯೆಯಿಂದ, ತಾನೇ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಯುಧ. 'ಕುದುರೆಯ ಒಂದೇ ಕ್ರಿಯೆ', ಈ ಮಾತನ್ನು ಗುರುತು ಹಾಕಿಕೊಳ್ಳಿ. ಮುಂದೆ ಬರುವ ಜಗಳವೆಲ್ಲ ಇದರದ್ದೇ. 1986ರ ಮೇ ತಿಂಗಳಿಂದ ಹೊಸ ಮಷೀನ್‌ಗನ್ ಅಲ್ಲಿನ ಸಾಮಾನ್ಯ ಜನರ ಕೈಗೆ ಸಿಗುವಂತಿಲ್ಲ. ಆದ್ದರಿಂದ ಒಂದು ವಸ್ತು ಈ ವಾಕ್ಯದ ಒಳಗೆ ಬಿದ್ದರೆ ಜೈಲು, ಹೊರಗೆ ಬಿದ್ದರೆ ಅಂಗಡಿಯಲ್ಲಿ ಮಾರಾಟ.

ಈಗ ಎಲ್ಲರೂ ಜೇಬಿನಿಂದ ಬಾಲ್‌ಪೆನ್ ತೆಗೆಯಿರಿ. ಒತ್ತಿದರೆ ಟಿಕ್ ಎನ್ನುವಂಥದ್ದು. ಒಂದು ಸಲ ಒತ್ತಿ, ಬಿಡಿ. ಮತ್ತೆ ಒತ್ತಬೇಕಾದರೆ ಹೆಬ್ಬೆರಳು ಮತ್ತೆ ಇಳಿಯಬೇಕು. ಸೆಮಿ ಆಟೋಮ್ಯಾಟಿಕ್ ಬಂದೂಕು ಇಷ್ಟೇ. ಒಂದು ಸಲ ಎಳೆದರೆ ಒಂದು ಈಡು. ಮುಂದಿನ ತೋಟಾ ತಾನೇ ಬಂದು ಕೂರುತ್ತದೆ, ಆದರೆ ಬೆರಳು ಬಿಟ್ಟು ಮತ್ತೆ ಎಳೆಯಲೇಬೇಕು.

ಇನ್ನೊಂದು ರೀತಿ ಮಾಡಿ. ಹೆಬ್ಬೆರಳನ್ನು ಗಾಳಿಯಲ್ಲಿ ಒಂದೇ ಕಡೆ ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಪೆನ್ನನ್ನೇ ಬೆರಳಿನತ್ತ ತಳ್ಳಿ, ಹಿಂದಕ್ಕೆ ತನ್ನಿ, ಮತ್ತೆ ತಳ್ಳಿ. ಟಿಕ್ ಟಿಕ್ ಟಿಕ್. (ಇಲ್ಲಿ ಸಭೆಯಲ್ಲಿ ಒಂದು ನಿಮಿಷ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಿಂದಿನ ಸಾಲಿನ ಹುಡುಗರು ಕೊನೆಯವರೆಗೂ ನಿಲ್ಲಿಸಲಿಲ್ಲ.) ಈಗ ಹೇಳಿ, ನಿಮ್ಮ ಹೆಬ್ಬೆರಳು ಎಷ್ಟು ಸಲ ಒತ್ತಿತು? ಒಂದೂ ಸಲ ಅಲುಗಲಿಲ್ಲ ಎಂದು ಈಕೆ ಹೇಳುತ್ತಾಳೆ. ಗುಂಡಿ ಹತ್ತು ಸಲ ಒಳಗೆ ಹೋಗಿ ಬಂತು ಎಂದು ಆತ ಹೇಳುತ್ತಾನೆ. ಇಬ್ಬರದ್ದೂ ಸರಿ. ಹಾಗಾದರೆ 'ಒಂದೇ ಕ್ರಿಯೆ' ಎಂದು ಎಣಿಸಬೇಕಾದ್ದು ಬೆರಳಿನದ್ದೋ ಗುಂಡಿಯದ್ದೋ?

ಬಂಪ್ ಸ್ಟಾಕ್ ಎನ್ನುವುದು ಇದೇ ಆಟ. ಬಂದೂಕಿನ ಭುಜಕ್ಕೆ ಆನಿಸುವ ಹಿಂಭಾಗದ ಬದಲು ಕೂರಿಸುವ ಒಂದು ಪ್ಲಾಸ್ಟಿಕ್ ಕವಚ. ಈಡು ಹಾರಿದಾಗ ಕೋವಿ ಒದೆಯುತ್ತದಲ್ಲ, ಆ ಒದೆತಕ್ಕೆ ಬಂದೂಕು ಅದರೊಳಗೆ ಹಿಂದೆ ಸರಿಯುತ್ತದೆ; ಹಿಡಿದವನು ಮುಂದಕ್ಕೆ ಒತ್ತುತ್ತಲೇ ಇರುವುದರಿಂದ ಮತ್ತೆ ಮುಂದೆ ಬಂದು, ನಿಂತಲ್ಲೇ ನಿಂತ ಬೆರಳಿಗೆ ಕುದುರೆ ಬಡಿಯುತ್ತದೆ. ಎಆರ್-15 ಮಾದರಿಯ ಸೆಮಿ ಆಟೋಮ್ಯಾಟಿಕ್ ಬಂದೂಕಿನಲ್ಲಿ ಸಾಮಾನ್ಯ ಮನುಷ್ಯ ನಿಮಿಷಕ್ಕೆ 60 ಗುಂಡು ಹೊಡೆದಾನು, ಪಳಗಿದ ಸ್ಪರ್ಧಾಳು 180. ಬಂಪ್ ಸ್ಟಾಕ್ ಹಾಕಿದರೆ 400ರಿಂದ 800. ಸೈನ್ಯದ ಎಂ-16ರದ್ದು 700ರಿಂದ 950. ಈ ಲೆಕ್ಕ, ಮುಂದೆ ಹೇಳಲಿರುವ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪಿನಲ್ಲೇ ಇದೆ.

ಬಂದೂಕುಗಳ ಉಸ್ತುವಾರಿ ನೋಡುವ ಅಲ್ಲಿನ ಕೇಂದ್ರ ಇಲಾಖೆಗೆ ಎಟಿಎಫ್ ಎನ್ನುತ್ತಾರೆ. ಆ ಇಲಾಖೆ ಈ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಸಾಲಾಗಿ ಓದಿದರೆ ನಮ್ಮ ಕಂದಾಯ ಕಚೇರಿಯ ಹಿಂಬರಹಗಳ ನೆನಪಾಗುತ್ತದೆ. ಅಕಿನ್ಸ್ ಆಕ್ಸಿಲರೇಟರ್ ಎಂಬ ಸಾಧನದೊಳಗೆ ಒಂದು ಸ್ಪ್ರಿಂಗ್ ಇತ್ತು. ಮೊದಲು ಅದು ಮಷೀನ್‌ಗನ್ ಅಲ್ಲ ಎಂದರು. 2006ರಲ್ಲಿ ಮನಸ್ಸು ಬದಲಿಸಿ ಹೌದು ಎಂದರು, ಸ್ಪ್ರಿಂಗ್ ತೆಗೆದುಬಿಡಿ ಎಂದರು. 2010ರಲ್ಲಿ ಸ್ಪ್ರಿಂಗ್ ಇಲ್ಲದ ಬಂಪ್ ಸ್ಟಾಕ್ ಬಂತು, ಇದು ಬರೀ ಬಿಡಿಭಾಗ, ಅಡ್ಡಿಯಿಲ್ಲ ಎಂದರು. ಇದರ ಮಧ್ಯೆ 2004ರಲ್ಲಿ ಒಂದು ಷೂ ದಾರವನ್ನು ಮಷೀನ್‌ಗನ್ ಎಂದು ಕರೆದ ಪತ್ರವೂ ಇದೆ. 2007ರಲ್ಲಿ ಅದನ್ನು ತಿದ್ದಿ, ದಾರ ದಾರವಾಗಿದ್ದಾಗ ತೊಂದರೆಯಿಲ್ಲ, ಬಂದೂಕಿಗೆ ಕಟ್ಟಿದಾಗ ಮಾತ್ರ ಎಂದು ಸಮಜಾಯಿಷಿ ಕೊಟ್ಟರು. ನಗಬೇಡಿ. ವ್ಯಾಖ್ಯೆ ಕೈಕೊಟ್ಟಾಗ ಜಾರಿ ಮಾಡುವವನ ಪಾಡು ಇದೇ ಆಗುವುದು.

2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನಲ್ಲಿ ಬಯಲು ಸಂಗೀತೋತ್ಸವ ನಡೆಯುತ್ತಿತ್ತು. ಎದುರಿನ ಹೋಟೆಲಿನ 32ನೇ ಮಹಡಿಯಿಂದ ಒಬ್ಬ ಹತ್ತು ಹನ್ನೊಂದು ನಿಮಿಷಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. ಮೊದಲ ಲೆಕ್ಕಕ್ಕೆ 58 ಜನ ಸತ್ತರು, ಗಾಯದಿಂದ ಆಮೇಲೆ ತೀರಿಕೊಂಡವರನ್ನು ಸೇರಿಸಿ 60. ಅವನ ಕೋಣೆಯಲ್ಲಿ ಬಂಪ್ ಸ್ಟಾಕ್ ಹಾಕಿದ ಬಂದೂಕುಗಳಿದ್ದವು. ಸಂಸತ್ತು ಕಾಯ್ದೆ ತಿದ್ದಲಿಲ್ಲ. ಟ್ರಂಪ್ ಸರ್ಕಾರದ ಸೂಚನೆಯಂತೆ ಎಟಿಎಫ್ 2018ರ ಡಿಸೆಂಬರ್‌ನಲ್ಲಿ ನಿಯಮ ಹೊರಡಿಸಿ, ಬಂಪ್ ಸ್ಟಾಕೂ ಮಷೀನ್‌ಗನ್ನೇ ಎಂದಿತು. ಇದ್ದವರು 2019ರ ಮಾರ್ಚ್ 26ರ ಒಳಗೆ ನಾಶಮಾಡಬೇಕು ಇಲ್ಲವೇ ಒಪ್ಪಿಸಬೇಕು. ಜನರ ಕೈಯಲ್ಲಿ 5,20,000ದವರೆಗೆ ಇರಬಹುದು ಎಂದು ಇಲಾಖೆಯ ಅಂದಾಜು.

ಟೆಕ್ಸಸ್ ರಾಜ್ಯದ ಆಸ್ಟಿನ್ನಿನ ಬಂದೂಕಿನಂಗಡಿಯ ಮಾಲೀಕ ಮೈಕಲ್ ಕಾರ್ಗಿಲ್ ತನ್ನ ಎರಡು ಬಂಪ್ ಸ್ಟಾಕ್‌ಗಳನ್ನು ಒಪ್ಪಿಸಿ, ಕೋರ್ಟಿಗೆ ಹೋದ. 2024ರ ಜೂನ್ 14ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಲ್ಲಿ ಆತನ ಪರ ತೀರ್ಪು ಕೊಟ್ಟಿತು. ಗಮನಿಸಿ, ಇದು ಬಂದೂಕು ಹೊಂದುವ ಮೂಲಭೂತ ಹಕ್ಕಿನ ತೀರ್ಪಲ್ಲ. ನಮ್ಮ ಪೆನ್ನಿನ ಪ್ರಶ್ನೆಯ ತೀರ್ಪು. ನ್ಯಾಯಮೂರ್ತಿ ಥಾಮಸ್ ಬರೆದ ಬಹುಮತದಲ್ಲಿ ಕುದುರೆಯ ಒಳಗಿನ ಕೊಕ್ಕೆ, ಸುತ್ತಿಗೆ, ಸ್ಪ್ರಿಂಗ್‌ಗಳ ಚಿತ್ರಗಳೇ ಇವೆ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಠ್ಯದಂತೆ. ಕ್ರಿಯೆ ಎಂದರೆ ಕುದುರೆಯ ಕ್ರಿಯೆ. ಪ್ರತಿ ಈಡಿಗೂ ಕುದುರೆ ಸ್ವಸ್ಥಾನಕ್ಕೆ ಮರಳಿ ಮತ್ತೆ ಸರಿಯುತ್ತಿದೆ, ಆದ್ದರಿಂದ ಒಂದು ಕ್ರಿಯೆಗೆ ಒಂದೇ ಗುಂಡು ಎಂದರು. ನ್ಯಾಯಮೂರ್ತಿ ಸೋಟೊಮೇಯರ್ ಒಪ್ಪಲಿಲ್ಲ. ಬಾತುಕೋಳಿಯಂತೆ ನಡೆದು, ಬಾತುಕೋಳಿಯಂತೆ ಈಜಿ, ಬಾತುಕೋಳಿಯಂತೆ ಕೂಗುವ ಹಕ್ಕಿ ಕಂಡರೆ ನಾನದನ್ನು ಬಾತುಕೋಳಿ ಎಂದೇ ಕರೆಯುತ್ತೇನೆ ಎಂದು ಬರೆದರು. ಆಕೆ ಎಣಿಸಿದ್ದು ಬೆರಳನ್ನು. ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಅಲಿಟೊ, ಕಾಯ್ದೆ ಬದಲಾಗಬೇಕಾದರೆ ಸಂಸತ್ತು ಬದಲಿಸಲಿ ಎಂದು ಒಂದೆರಡು ಮಾತು ಸೇರಿಸಿದರು.

ನನ್ನನ್ನು ಕೇಳಿದರೆ, ಮನಸ್ಸು ಬಾತುಕೋಳಿಯ ಕಡೆ. ವಕೀಲನ ಕೋಟು ಹಾಕಿಕೊಂಡಾಗ ಥಾಮಸ್ ಕಡೆ. ಜೈಲಿಗೆ ಕಳಿಸುವ ಕಾಯ್ದೆಯ ಮಾತು ಇಬ್ಬಗೆಯಾಗಿದ್ದರೆ ಲಾಭ ಆರೋಪಿಗೆ ಎಂಬುದನ್ನು ನಾವೂ ನಮ್ಮ ಕೋರ್ಟುಗಳಲ್ಲಿ ದಿನಾ ವಾದಿಸುತ್ತೇವೆ. ಬಿಡಿ.

ತೀರ್ಪು ಬಂದ ಮಾರನೆಯ ದಿನ ಬಂಪ್ ಸ್ಟಾಕ್ ಅಮೆರಿಕದ ತುಂಬ ಕಾನೂನುಬದ್ಧವಾಯಿತೇ? ಇಲ್ಲ. ನಿಜವಾದ ಕಥೆ ಶುರುವಾಗುವುದು ಇಲ್ಲಿ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ ಐದನೇ ನಮೂದು ನೋಡಿ: ಆಯುಧ, ಬಂದೂಕು, ಮದ್ದುಗುಂಡು, ಸ್ಫೋಟಕ. ಕರ್ನಾಟಕ ವಿಧಾನಸಭೆ ಬಂದೂಕಿನ ವ್ಯಾಖ್ಯೆ ಬರೆಯಲು ಹೊರಟರೆ ಅಲ್ಲಿಗೇ ಮುಗಿಯಿತು. ಕೊಡಗಿನವರಿಗಿರುವ ಲೈಸೆನ್ಸ್ ವಿನಾಯಿತಿಯೂ ದೆಹಲಿಯ ಅಧಿಸೂಚನೆಯಿಂದ ಬಂದದ್ದೇ. ಅಮೆರಿಕದಲ್ಲಿ ಹಾಗಲ್ಲ. ಕೇಂದ್ರದ ಕಾಯ್ದೆ ಒಂದು ಕಡೆಗಿದ್ದರೂ ರಾಜ್ಯಗಳು ತಮ್ಮ ದಂಡ ಸಂಹಿತೆಯಲ್ಲಿ ತಮ್ಮದೇ ವ್ಯಾಖ್ಯೆ ಬರೆದುಕೊಳ್ಳುತ್ತವೆ. ತೀರ್ಪು ಬರುವ ಹೊತ್ತಿಗೆ ಹದಿನೈದರ ಆಸುಪಾಸು ರಾಜ್ಯಗಳು ಬಂಪ್ ಸ್ಟಾಕನ್ನು ತಮ್ಮ ಮಾತಿನಲ್ಲೇ ನಿಷೇಧಿಸಿದ್ದವು. ಆ ಮಾತುಗಳಲ್ಲಿ 'ಕುದುರೆಯ ಒಂದೇ ಕ್ರಿಯೆ' ಎಂಬ ಪದಪುಂಜದ ಹಂಗಿರಲಿಲ್ಲ, ಹಾಗಾಗಿ ತೀರ್ಪು ಅವನ್ನು ಮುಟ್ಟಲಿಲ್ಲ.

ಕನ್ನಡದಲ್ಲಿ ಬರುವ ನಮ್ಮ ಅಧಿನಿಯಮಗಳಲ್ಲಿ ಎರಡನೇ ಪ್ರಕರಣದ ತಲೆಬರಹ 'ಪರಿಭಾಷೆಗಳು' ಎಂದಿರುತ್ತದಲ್ಲ. ವಿದ್ಯಾರ್ಥಿಗಳು ಅದನ್ನು ಹಾರಿಸಿ ಮೂರನೆಯದಕ್ಕೆ ಹೋಗುತ್ತಾರೆ. ಈ ರಾಜ್ಯಗಳ ಪರಿಭಾಷೆಗಳನ್ನು ಮಾತ್ರ ಸಾಲಾಗಿ ಇಟ್ಟು ಓದಿ.

ಕ್ಯಾಲಿಫೋರ್ನಿಯಾ ಲಾಸ್ ವೇಗಸ್‌ಗೂ ಬಹಳ ಮೊದಲೇ 'ಮಲ್ಟಿಬರ್ಸ್ಟ್ ಟ್ರಿಗರ್ ಆಕ್ಟಿವೇಟರ್' ಎಂದು ಬರೆದಿಟ್ಟಿತ್ತು: ಸೆಮಿ ಆಟೋಮ್ಯಾಟಿಕ್ ಬಂದೂಕಿಗೆ ಜೋಡಿಸಿದಾಗ ಒಂದೇ ಸಿಡಿತಕ್ಕೆ ಎರಡೋ ಹೆಚ್ಚೋ ಗುಂಡು ಹಾರಿಸುವ ಸಾಧನ, ಅಥವಾ ಕೈಯಿಂದಲೋ ವಿದ್ಯುತ್ತಿನಿಂದಲೋ ಕುದುರೆಯನ್ನು ಆಡಿಸಿ ಗುಂಡಿನ ವೇಗ ಹೆಚ್ಚಿಸುವ ಸಾಧನ. ವಾಷಿಂಗ್ಟನ್ ರಾಜ್ಯ 2018ರಲ್ಲಿ ತೀರ ಬಿಗಿಯಾಗಿ ಬರೆಯಿತು. ಭುಜಕ್ಕೆ ಆನಿಸುವ ಹಿಂಭಾಗವಾಗಿರಬೇಕು, ಒದೆತದ ಬಲವನ್ನು ಬಳಸಬೇಕು, ಹಿಂದೆ ಮುಂದೆ ಆಡಬೇಕು. ಓದಿದರೆ ವಸ್ತು ಕಣ್ಣಿಗೆ ಕಟ್ಟುತ್ತದೆ, ಪೊಲೀಸಿನವನಿಗೂ ಅನುಮಾನ ಬರುವುದಿಲ್ಲ. ಆದರೆ ಕುದುರೆಯ ಒಳಗೇ ಕೈಚಳಕ ಮಾಡಿದ ಸಾಧನ ಆ ಮಾತಿಗೆ ಸಿಗುವುದೇ ಇಲ್ಲ.

ಫ್ಲೋರಿಡಾ ಅದರ ತದ್ವಿರುದ್ಧ. 2018ರ ಫೆಬ್ರವರಿಯಲ್ಲಿ ಪಾರ್ಕ್‌ಲ್ಯಾಂಡಿನ ಶಾಲೆಯಲ್ಲಿ ಹತ್ಯಾಕಾಂಡವಾಗಿ ಮೂರು ವಾರಕ್ಕೆ, ಬಂದೂಕಿನ ಬಗ್ಗೆ ಸಾಮಾನ್ಯವಾಗಿ ಬಿಗಿ ಮಾಡದ ಆ ರಾಜ್ಯ, ರಿಪಬ್ಲಿಕನ್ ಗವರ್ನರ್ ಕೈಯಲ್ಲೇ ಸಹಿ ಹಾಕಿಸಿತು. ಕಾಯ್ದೆಯಲ್ಲಿ ಹೆಸರು 'ಬಂಪ್-ಫೈರ್ ಸ್ಟಾಕ್' ಎಂದಿದೆ. ವ್ಯಾಖ್ಯೆ ಓದಿದರೆ ಸ್ಟಾಕ್‌ಗೆ ಸಂಬಂಧವೇ ಇಲ್ಲ. ಸಾಧನದ ನೆರವಿಲ್ಲದೆ ಒಬ್ಬ ವ್ಯಕ್ತಿ ಹೊಡೆಯಲು ಸಾಧ್ಯವಾಗುವುದಕ್ಕಿಂತ ವೇಗವಾಗಿ ಹೊಡೆಯಲು ಬಳಸುವ ಯಾವುದೇ ಕಿಟ್ಟು, ಉಪಕರಣ, ಬಿಡಿಭಾಗ. ಯಾರು ಆ 'ಒಬ್ಬ ವ್ಯಕ್ತಿ'? ನಿಮಿಷಕ್ಕೆ 180 ಹೊಡೆಯುವ ಸ್ಪರ್ಧಾಳುವೋ, ಕೈ ನಡುಗುವ ನಾನೋ? ಹೆಸರಿನಲ್ಲಿ ಕೊಡೆ, ವ್ಯಾಖ್ಯೆಯಲ್ಲಿ ಇಡೀ ಮನೆಯ ಮಾಡು!

ನ್ಯೂಯಾರ್ಕ್ 2019ರಲ್ಲಿ ಮಾಡಿದ್ದು ನನಗೆ ಹಿಡಿಸುತ್ತದೆ. 'ರ್‍ಯಾಪಿಡ್-ಫೈರ್ ಮಾಡಿಫಿಕೇಶನ್ ಡಿವೈಸ್' ಎಂಬ ಮನೆ ಕಟ್ಟಿ, ಒಳಗೆ ಒಂದೊಂದಕ್ಕೂ ಕೋಣೆ ಕೊಟ್ಟರು. ಬಂಪ್ ಸ್ಟಾಕ್, ಒದೆತದಿಂದ ಆಡುವುದು. ಟ್ರಿಗರ್ ಕ್ರ್ಯಾಂಕ್, ಹಿಡಿಕೆ ತಿರುಗಿಸಿದಂತೆ ಕುದುರೆಯನ್ನು ಪದೇಪದೇ ಒತ್ತುವುದು. ಹಳೆ ಹೊಲಿಗೆ ಮೆಷಿನ್ನಿನ ಕೈಚಕ್ರ ನೆನಪಿಸಿಕೊಳ್ಳಿ. ಬೈನರಿ ಟ್ರಿಗರ್, ಎಳೆದಾಗ ಒಂದು ಗುಂಡು, ಬಿಟ್ಟಾಗ ಇನ್ನೊಂದು. ಇದಕ್ಕೂ ನಿಮ್ಮ ಪೆನ್ನೇ ಸಾಕ್ಷಿ: ಒತ್ತುವಾಗ ಟಿಕ್, ಬಿಡುವಾಗ ಟಕ್, ಎರಡು ಸದ್ದು. ಬಿಡುವುದೂ ಒಂದು ಕ್ರಿಯೆ ಎಂದು ಎಣಿಸಿದರೆ ಕೇಂದ್ರದ ಕಾಯ್ದೆಯಲ್ಲಿ ಇದು ಮಷೀನ್‌ಗನ್ ಆಗುವುದಿಲ್ಲ. ಹೀಗೆ ಒಂದೊಂದನ್ನೂ ಕೈ ಏನು ಮಾಡುತ್ತದೆ, ಬಂದೂಕು ಏನು ಮಾಡುತ್ತದೆ ಎಂಬುದರಿಂದಲೇ ಹೇಳಿ, ಕೊನೆಗೆ 'ವೇಗ ಹೆಚ್ಚಿಸಲೆಂದು ರೂಪಿಸಿದ ಇನ್ನಾವುದೇ ಸಾಧನ' ಎಂದು ಒಂದು ಬಾಲ ಸೇರಿಸಿದರು. ಆ ಬಾಲ ಮಾತ್ರ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಮೊದಲಿನ ಕೋಣೆಗಳನ್ನು ಶಾಸಕರು ಕಟ್ಟಿದರು, ಕೊನೆಯದನ್ನು ಕಟ್ಟುವ ಕೆಲಸ ಇನ್‌ಸ್ಪೆಕ್ಟರನಿಗೆ ಬಿಟ್ಟರು.

ಬಾಲದ ತೊಂದರೆ ಏನೆಂದು ಮೇರಿಲ್ಯಾಂಡಿನವರಿಗೆ ಮೊದಲೇ ಹೊಳೆದಿತ್ತು. ಗುರಿ ಸ್ಪರ್ಧೆಯವರು ಹಗುರಾಗಿ ಎಳೆಯಲು ಬರುವ ಕುದುರೆಯನ್ನು ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ಳುತ್ತಾರೆ. ಅದರಿಂದಲೂ ವೇಗ ತುಸು ಹೆಚ್ಚುತ್ತದೆ. ಆದ್ದರಿಂದ 2018ರ ಕಾಯ್ದೆಯಲ್ಲಿ, ಮೂಲ ಕುದುರೆಗಿಂತ ಚೆನ್ನಾಗಿ ಕೆಲಸ ಮಾಡುವ ಬದಲಿ ಕುದುರೆ ಇದರಲ್ಲಿ ಸೇರುವುದಿಲ್ಲ ಎಂದು ಬರೆದರು. ಜಾಣತನ. ಅದೇ ಕಾಯ್ದೆಯಲ್ಲಿ ಇನ್ನೊಂದು ಕಡೆ ಎಡವಿದರು. ಈಗಾಗಲೇ ಸಾಧನ ಇಟ್ಟುಕೊಂಡವರು 2018ರ ಅಕ್ಟೋಬರ್ 1ರ ಒಳಗೆ ಎಟಿಎಫ್‌ಗೆ ಅರ್ಜಿ ಹಾಕಿ, ಒಪ್ಪಿಗೆ ಪಡೆದರೆ ಇಟ್ಟುಕೊಳ್ಳಬಹುದು ಎಂದರು. ಎಟಿಎಫ್ ಏನೆಂದಿತು ಗೊತ್ತೇ? ಇಂಥ ಅರ್ಜಿ ತೆಗೆದುಕೊಳ್ಳಲು ನಮಗೆ ಅಧಿಕಾರವೇ ಇಲ್ಲ, ಕಳಿಸಬೇಡಿ. ರಾಜ್ಯ ಬಾಗಿಲು ಬರೆದಿತ್ತು, ಆ ಬಾಗಿಲು ಇನ್ನೊಬ್ಬರ ಮನೆಯದ್ದಾಗಿತ್ತು. ತಾಲ್ಲೂಕು ಕಚೇರಿಗೂ ಪಂಚಾಯಿತಿಗೂ ಒಂದು ಎನ್‌ಒಸಿಗಾಗಿ ನಾಲ್ಕು ತಿಂಗಳು ಅಲೆದ ಕಕ್ಷಿದಾರರೊಬ್ಬರಿಗೆ ನಾನಿದನ್ನು ಹೇಳಿದೆ. "ಅಲ್ಲೂ ಹೀಗೇನಾ" ಎಂದು ಅವರಿಗೆ ತುಂಬ ಸಮಾಧಾನವಾಯಿತು. ವಸ್ತು ಕಳೆದುಕೊಂಡವರು ಪರಿಹಾರ ಕೇಳಿ ಹೋದರು. 2020ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಇದು ಆಸ್ತಿ ಸ್ವಾಧೀನವಲ್ಲ ಎಂದು ತಳ್ಳಿಹಾಕಿತು.

ಲಾಸ್ ವೇಗಸ್ ಇರುವ, ಆ ಗುಂಡು ಹಾರಿದ ನೆವಾಡಾ ರಾಜ್ಯ 2019ರಲ್ಲಿ ಕಾಯ್ದೆ ಮಾಡಿತು. ಮಸೂದೆ ತಂದ ಶಾಸಕಿ ಆ ರಾತ್ರಿ ಅದೇ ಸಂಗೀತೋತ್ಸವದಲ್ಲಿದ್ದು ಬದುಕಿ ಬಂದವರು. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ.

ಮಿನ್ನೆಸೋಟದ್ದನ್ನು ಮಾತ್ರ ಬಿಡಿಸಿ ಹೇಳಬೇಕು, ಕಾನೂನು ವಿದ್ಯಾರ್ಥಿಗಳು ಬರೆದುಕೊಳ್ಳಿ. 2024ರ ಫೆಬ್ರವರಿಯಲ್ಲಿ ಬರ್ನ್ಸ್‌ವಿಲ್ ಎಂಬಲ್ಲಿ ಒಂದು ಮನೆಯೊಳಗಿಂದ ಹಾರಿದ ಗುಂಡಿಗೆ ಇಬ್ಬರು ಪೊಲೀಸರು, ಒಬ್ಬ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಳಸಿದ ಬಂದೂಕುಗಳಲ್ಲಿ ಬೈನರಿ ಟ್ರಿಗರ್ ಇತ್ತು. ರಾಜ್ಯದ 'ಟ್ರಿಗರ್ ಆಕ್ಟಿವೇಟರ್' ವ್ಯಾಖ್ಯೆಗೆ, ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು ಗುಂಡು ಹಾರಿಸುವ ಸಾಧನ ಎಂಬ ಸಾಲು ಸೇರಿಸಲು ಹೊರಟರು. ಸಾಲಿನಲ್ಲಿ ತಪ್ಪೇನಿಲ್ಲ, ಇಡೀ ದೇಶದಲ್ಲೇ ಸ್ಪಷ್ಟವಾದ ಸಾಲುಗಳಲ್ಲಿ ಒಂದು. ಆದರೆ ಅಧಿವೇಶನದ ಕೊನೆಯ ರಾತ್ರಿ, ಹೊತ್ತು ಮೀರುತ್ತಿದೆ ಎಂದು, 1,400 ಪುಟ ದಾಟಿದ ಒಂದು ತೆರಿಗೆ ಮಸೂದೆಯ ಹೊಟ್ಟೆಯೊಳಗೆ ಇದನ್ನೂ ತುರುಕಿ ಪಾಸು ಮಾಡಿದರು. 2025ರ ಜನವರಿ 1ರಿಂದ ಜಾರಿಗೆ ಬಂತು. ಆ ರಾಜ್ಯದ ಸಂವಿಧಾನದಲ್ಲಿ, ಒಂದು ಕಾಯ್ದೆಗೆ ಒಂದೇ ವಿಷಯ ಇರಬೇಕು ಎಂಬ ನಿಯಮವಿದೆ. ಬಂದೂಕಿನವರ ಸಂಘ ದಾವೆ ಹೂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಜಿಲ್ಲಾ ನ್ಯಾಯಾಧೀಶರು, ತೆರಿಗೆಗೂ ಕುದುರೆಗೂ ಏನು ಸಂಬಂಧ ಎಂದು ಕೇಳಿ ಆ ಭಾಗವನ್ನು ಅಸಿಂಧು ಎಂದರು. ವ್ಯಾಖ್ಯೆಯ ಒಂದು ಅಕ್ಷರವೂ ಸೋಲಲಿಲ್ಲ, ಅದನ್ನು ಇಟ್ಟ ಜಾಗ ಸೋತಿತು.

ಇತ್ತೀಚೆಗೆ ರಗಳೆ ಎಬ್ಬಿಸಿರುವುದು ಫೋರ್ಸ್ಡ್ ರೀಸೆಟ್ ಟ್ರಿಗರ್. ಪೆನ್ನಿನ ಗುಂಡಿ ಒಳಗೆ ಹೋದ ಮೇಲೆ ತಾನೇ ಜೋರಾಗಿ ಹೊರಕ್ಕೆ ಬಂದು ನಿಮ್ಮ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ ಎಂದುಕೊಳ್ಳಿ. ನೀವು ಒತ್ತಡ ಬಿಡದಿದ್ದರೆ ಮತ್ತೆ ಒಳಗೆ, ಮತ್ತೆ ಹೊರಗೆ. ಎಟಿಎಫ್ ಇದನ್ನು 2021ರಲ್ಲಿ ಮಷೀನ್‌ಗನ್ ಎಂದಿತ್ತು. ಕಾರ್ಗಿಲ್ ತೀರ್ಪಿನ ಗಾಳಿ ಬೀಸಿದ ಮೇಲೆ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಯಾರಕರ ಜೊತೆ ರಾಜಿ ಮಾಡಿಕೊಂಡು, ವಶಪಡಿಸಿಕೊಂಡವನ್ನು ಮಾಲೀಕರಿಗೆ ಮರಳಿಸಲು ಒಪ್ಪಿತು. ಪಿಸ್ತೂಲಿಗೆ ಇಂಥದ್ದು ಮಾಡುವುದಿಲ್ಲ ಎಂದು ತಯಾರಕರು ಮಾತು ಕೊಟ್ಟರು. ಮರು ತಿಂಗಳೇ ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್ ಮುಂದಾಗಿ ಹಲವು ರಾಜ್ಯಗಳು ಇದನ್ನು ತಡೆಯಲು ಕೋರ್ಟಿಗೆ ಹೋದವು.

ಕೊಲರಾಡೊ 2025ರ ಏಪ್ರಿಲ್‌ನಲ್ಲಿ ಸಹಿಯಾದ ಕಾಯ್ದೆಯಲ್ಲಿ ಒದೆತ, ಹಿಡಿಕೆ, ಸ್ಪ್ರಿಂಗ್ ಯಾವ ಗೋಜಿಗೂ ಹೋಗಲಿಲ್ಲ. ಜೋಡಿಸಿದರೆ ಬಂದೂಕಿನ ವೇಗವನ್ನು, ಅದಿಲ್ಲದ ಅದೇ ಬಂದೂಕಿನ 'ಸಾಮಾನ್ಯ ವೇಗ'ಕ್ಕಿಂತ ಹೆಚ್ಚು ಮಾಡುವ ಭಾಗವೆಲ್ಲ 'ರ್‍ಯಾಪಿಡ್-ಫೈರ್ ಡಿವೈಸ್'. 2026ರ ಆಗಸ್ಟ್ 1 ಜಾರಿಯ ದಿನ. ಇಲ್ಲಿ ಕುದುರೆಯನ್ನೂ ಎಣಿಸುವುದಿಲ್ಲ, ಬೆರಳನ್ನೂ ಎಣಿಸುವುದಿಲ್ಲ, ಗಡಿಯಾರ ನೋಡುತ್ತಾರೆ. ಆದರೆ ಸೆಮಿ ಆಟೋಮ್ಯಾಟಿಕ್ ಬಂದೂಕಿಗೆ ಅದರದ್ದೇ ಆದ ವೇಗ ಎಲ್ಲಿದೆ? ಬೆರಳು ಎಷ್ಟು ಚುರುಕೋ ಅಷ್ಟು. ಈ ಕಾಯ್ದೆಯ ಮೊದಲ ಆರೋಪಿಯ ವಕೀಲನಾಗಿದ್ದರೆ ನನ್ನ ಮೊದಲ ಪಾಟೀಸವಾಲು ಇದೇ ಆಗಿರುತ್ತಿತ್ತು.

ಭಾಷಣ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು, ನಮ್ಮ ಕಾಯ್ದೆಯಲ್ಲಿ ಹೇಗಿದೆ ಸರ್ ಎಂದಳು. 1959ರ ಆಯುಧ ಅಧಿನಿಯಮದಲ್ಲಿ ನಿಷೇಧಿತ ಆಯುಧದ ವ್ಯಾಖ್ಯೆ ಹೀಗಿದೆ: ಕುದುರೆಯ ಮೇಲೆ ಒತ್ತಡ ಹಾಕಿದರೆ, ಆ ಒತ್ತಡ ತೆಗೆಯುವವರೆಗೆ ಅಥವಾ ಗುಂಡು ಖಾಲಿಯಾಗುವವರೆಗೆ ಹಾರುತ್ತಲೇ ಇರುವಂತೆ ರೂಪಿಸಿದ ಅಥವಾ ಮಾರ್ಪಡಿಸಿದ ಬಂದೂಕು. ಕ್ರಿಯೆಯ ಮಾತೇ ಇಲ್ಲ, ಒತ್ತಡದ ಮಾತು. ಪೆನ್ನಿನ ಆಟದಲ್ಲಿ ಗುಂಡಿ ಬೆರಳನ್ನು ಬಿಟ್ಟು ಬಿಟ್ಟು ಬಡಿಯುತ್ತಿತ್ತಲ್ಲ, ಅಲ್ಲಿ ಒತ್ತಡ ತೆಗೆದಂತಾಯಿತೋ ಇಲ್ಲವೋ ಎಂದು ನಮ್ಮ ಕೋರ್ಟಿನಲ್ಲೂ ಒಂದು ದಿನವಿಡೀ ವಾದ ಮಾಡಬಹುದು. ಬಿಡಿಭಾಗಗಳಲ್ಲಿ ಸದ್ದು ಮತ್ತು ಬೆಂಕಿಯ ಹೊಳಪು ಅಡಗಿಸುವಂಥದ್ದನ್ನು ನಮ್ಮ ಕಾಯ್ದೆ ಹೆಸರು ಹಿಡಿದು ಸೇರಿಸಿಕೊಂಡಿದೆ. ವೇಗ ಹೆಚ್ಚಿಸುವುದನ್ನಲ್ಲ. ಬರೆದವರ ಕಣ್ಣಮುಂದೆ ಇದ್ದದ್ದು ಮರೆಯಲ್ಲಿ ಕೂತು ಹೊಡೆಯುವವನು ಎಂದು ನನ್ನ ಊಹೆ.

ಕೊನೆಯ ಪ್ರಶ್ನೆ ಹಿಂದೆ ಕೂತಿದ್ದ ಹಿರಿಯರೊಬ್ಬರದ್ದು, ಅಡಿಕೆ ಬೆಳೆಗಾರರು. "ವಕೀಲರೇ, ನಮ್ಮ ಜೋಡುನಳಿಗೆಗೆ ಕುದುರೆಯೂ ಎರಡು. ಒಂದು ಸಲ ಹಂದಿ ಎದುರಿಗೇ ಬಂದು, ಗಾಬರಿಯಲ್ಲಿ ಒಂದೇ ಬೆರಳಲ್ಲಿ ಎರಡನ್ನೂ ಎಳೆದುಬಿಟ್ಟೆ. ಎರಡು ಈಡೂ ಒಟ್ಟಿಗೇ ಹೋಯ್ತು. ಅಮೆರಿಕದಲ್ಲಾಗಿದ್ರೆ ನಂದು ಮಷೀನ್‌ಗನ್ನಾ?"

ಅಲ್ಲ ಎಂದೆ. ಬೆರಳು ಒಂದೇ ಆದರೂ ಕುದುರೆ ಎರಡು. ಅಲ್ಲಿನ ಬಹುಮತ ಎಣಿಸುವುದು ಕುದುರೆಯನ್ನು, ಒಂದೊಂದಕ್ಕೆ ಒಂದೊಂದೇ ಗುಂಡು. ರಾಜ್ಯಗಳ ಕಾಯ್ದೆಗೂ ಸಿಗುವುದಿಲ್ಲ, ಇದು ಸೆಮಿ ಆಟೋಮ್ಯಾಟಿಕ್ಕೇ ಅಲ್ಲ.

"ಅವ್ರು ಏನಾದ್ರೂ ಎಣಿಸ್ಲಿ ಮಾರಾಯ್ರೆ," ಎಂದು ಅವರು ಬಲಭುಜ ಸವರಿಕೊಂಡರು. "ಇದು ಎರಡೂ ಎಣಿಸಿತ್ತು."